ಟೇಪ್ ಬ್ಯಾಕಪ್: ಎಷ್ಟು ವರ್ಷ ಇಡಬೇಕು, ಎಷ್ಟು ಟೇಪ್ ಬೇಕು?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಟೇಪ್ ಬ್ಯಾಕಪ್ ಬಗ್ಗೆಯೇ ಇವೆ. ಹಾಗಾಗಿ ಅಂಕಣ ಪೂರ್ತಿ ಅದಕ್ಕೇ ಮೀಸಲು. ಒಂದೇ ತರಹದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇನೆ. ಮೊದಲನೆಯ ಉತ್ತರ ಉದ್ದ ಇದೆ, ಸ್ವಲ್ಪ ತಾಳ್ಮೆಯಿಂದ ಓದಿ, ಯಾಕೆಂದರೆ ಉಳಿದ ಉತ್ತರಗಳ ಬುಡ ಅಲ್ಲಿದೆ. ಹೊಸಬರಿಗೆ ಎರಡು ಮಾತು: ಎಲ್‌ಟಿಒ ಅಂದರೆ ಬ್ಯಾಕಪ್ ಟೇಪಿನ ಒಂದು ಜಾತಿ, ಪಕ್ಕದ ಸಂಖ್ಯೆ ಅದರ ತಲೆಮಾರು. ಲೈಬ್ರರಿ ಅಂದರೆ ಸ್ಲಾಟುಗಳಲ್ಲಿ ಟೇಪ್ ಇಟ್ಟುಕೊಂಡು, ಬೇಕಾದದ್ದನ್ನು ತಾನೇ ಡ್ರೈವಿಗೆ ಹಾಕಿ ತೆಗೆಯುವ ಯಂತ್ರ.

ಪ್ರಶ್ನೆ: ನಮ್ಮಲ್ಲಿ ಸುಮಾರು 20 ಟಿಬಿ ಡೇಟಾ ಇದೆ. ದಿನಕ್ಕೆ 400 ಜಿಬಿಯಷ್ಟು ಬದಲಾಗುತ್ತದೆ. ಒಂದು ಎಲ್‌ಟಿಒ-8 ಡ್ರೈವ್ ಇರುವ, 24 ಸ್ಲಾಟಿನ ಲೈಬ್ರರಿ ಇದೆ. ಮ್ಯಾನೇಜರ್ "ಎಲ್ಲಾ ಡೇಟಾ ಹತ್ತು ವರ್ಷ ಇರಬೇಕು, ಎಷ್ಟು ಟೇಪ್ ತರಿಸಬೇಕು ಹೇಳಿ" ಅಂದಿದ್ದಾರೆ. ಲೆಕ್ಕ ಹೇಗೆ?

ಉತ್ತರ: ಟೇಪಿನ ಲೆಕ್ಕ ಆಮೇಲೆ. ಮೊದಲು ಮ್ಯಾನೇಜರ್ ಹತ್ತಿರ ವಾಪಸ್ ಹೋಗಿ ಒಂದೇ ಒಂದು ಮಾತು ಕೇಳಿ. ಹತ್ತು ವರ್ಷ ಆದಮೇಲೆ ಯಾರಾದರೂ ಬಂದು ಡೇಟಾ ಕೇಳಿದರೆ, ಯಾವ ದಿನದ ಡೇಟಾ ಕೇಳುತ್ತಾರೆ? ಯಾವುದೋ ಒಂದು ಬುಧವಾರ ಸಂಜೆ ಆ ಫೈಲ್ ಹೇಗಿತ್ತು ಅಂತ ಕೇಳುತ್ತಾರಾ, ಇಲ್ಲ ಆ ವರ್ಷದ ಕೊನೆಯಲ್ಲಿ ಲೆಕ್ಕ ಎಲ್ಲಿ ನಿಂತಿತ್ತು ಅಂತ ಕೇಳುತ್ತಾರಾ? ಎರಡೂ "ಹತ್ತು ವರ್ಷ"ವೇ. ಆದರೆ ಒಂದಕ್ಕೆ 3,650 ದಿನಗಳ ಪ್ರತಿ ಬೇಕು, ಇನ್ನೊಂದಕ್ಕೆ ಹತ್ತು ಪ್ರತಿ ಸಾಕು. ಈ ವ್ಯತ್ಯಾಸ ಕೇಳಿಕೊಳ್ಳದೆ ಟೇಪ್ ತರಿಸಿದವರು ಬಹಳ ಜನ.

ಇನ್ನೊಂದು ಮಾತು. ಎಷ್ಟು ದಿನ ಇಡಬೇಕು ಅನ್ನುವುದನ್ನು ಬ್ಯಾಕಪ್ ನೋಡಿಕೊಳ್ಳುವವರು ತೀರ್ಮಾನ ಮಾಡಬಾರದು. ಡೇಟಾ ಯಾರದೋ ಅವರೇ ಹೇಳಬೇಕು, ಬರೆದು ಕೊಡಬೇಕು. ಲೆಕ್ಕದ ವಿಭಾಗದವರು ಒಂದು ಅವಧಿ ಹೇಳುತ್ತಾರೆ, ಸಿಬ್ಬಂದಿ ವಿಭಾಗದವರು ಇನ್ನೊಂದು, ಪ್ರಾಜೆಕ್ಟ್ ಫೈಲುಗಳಿಗೆ ಮತ್ತೊಂದು. ಕೆಲವು ಡೇಟಾಗೆ ಇಂತಿಷ್ಟು ದಿನದ ಮೇಲೆ ಇಡಲೇಬಾರದು ಅನ್ನುವ ನಿಯಮವೂ ಇರುತ್ತದೆ. "ಎಲ್ಲಾ ಇರಲಿ" ಅನ್ನುವುದು ಸುಲಭದ ಉತ್ತರ, ಆದರೆ ಅದರಿಂದ ಆಮೇಲೆ ತೊಂದರೆಯೇ ಜಾಸ್ತಿ.

ಹೀಗೆ ಕೇಳಿಕೊಂಡು ಬಂದರೆ ಸಾಮಾನ್ಯವಾಗಿ ಒಂದು ವಿಷಯ ಹೊರಗೆ ಬರುತ್ತದೆ. ಹತ್ತು ವರ್ಷ ಬೇಕಾಗಿರುವುದು 20 ಟಿಬಿಯಲ್ಲಿ ಒಂದಿಷ್ಟು ಭಾಗ ಮಾತ್ರ, ಅದೂ ಮುಗಿದುಹೋದ, ಇನ್ನು ಬದಲಾಗದ ದಾಖಲೆ. ಅದನ್ನು ಪ್ರತಿ ವರ್ಷ ಮತ್ತೆ ಮತ್ತೆ ಬ್ಯಾಕಪ್ ಮಾಡುವ ಅಗತ್ಯವೇ ಇಲ್ಲ. ಒಂದು ಸಲ ಎರಡು ಪ್ರತಿ ಬರೆದು ಆರ್ಕೈವ್ ಅಂತ ಬೇರೆ ಇಟ್ಟುಬಿಡಿ. ಬ್ಯಾಕಪ್ ಇರುವುದು ನಿನ್ನೆ ಇದ್ದದ್ದು ಇವತ್ತು ಹಾಳಾದರೆ ವಾಪಸ್ ತರಲು, ಆರ್ಕೈವ್ ಇರುವುದು ಹಳೆಯದು ಉಳಿಯಲಿ ಅಂತ. ಎರಡನ್ನೂ ಒಂದೇ ಟೇಪಿಗೆ ಹಾಕಿದರೆ ಎರಡೂ ಕೆಡುತ್ತವೆ.

ಇರಲಿ, ನಿಮ್ಮಲ್ಲಿ ಈ ಉತ್ತರ ಬಂತು ಅಂದುಕೊಳ್ಳೋಣ: ದಿನದ ಬ್ಯಾಕಪ್ 5 ವಾರ, ತಿಂಗಳ ಬ್ಯಾಕಪ್ ಒಂದು ವರ್ಷ, ವರ್ಷಾಂತ್ಯದ್ದು ಹತ್ತು ವರ್ಷ. ಇದು ಹಳೆಯ ಪದ್ಧತಿ, ಜಿಎಫ್‌ಎಸ್ ಅನ್ನುತ್ತಾರೆ. ಗ್ರ್ಯಾಂಡ್‌ಫಾದರ್, ಫಾದರ್, ಸನ್, ಅಂದರೆ ಅಜ್ಜ, ಅಪ್ಪ, ಮಗ: ವರ್ಷದ್ದು, ತಿಂಗಳದ್ದು, ದಿನದ್ದು. ವಾರಕ್ಕೊಂದು ಫುಲ್, ಅಂದರೆ ಇಡೀ ಡೇಟಾ. ಉಳಿದ ಆರು ದಿನ ಇನ್‌ಕ್ರಿಮೆಂಟಲ್, ಅಂದರೆ ಹಿಂದಿನ ಬ್ಯಾಕಪ್ ಆದಮೇಲೆ ಬದಲಾದದ್ದು ಮಾತ್ರ. ಎಲ್‌ಟಿಒ-8 ಕಾರ್ಟ್ರಿಜ್ ಒಂದಕ್ಕೆ 12 ಟಿಬಿ. ಕಂಪ್ರೆಷನ್ ನಂಬಬೇಡಿ, ಸಿಕ್ಕಿದರೆ ಲಾಭ ಅಂದುಕೊಳ್ಳಿ. 20 ಟಿಬಿ ಫುಲ್‌ಗೆ 2 ಟೇಪ್. ಆರು ದಿನದ ಇನ್‌ಕ್ರಿಮೆಂಟಲ್ 2.4 ಟಿಬಿ, ಅದಕ್ಕೆ 1 ಟೇಪ್. ವಾರಕ್ಕೆ 3 ಆಯಿತು. ಐದು ವಾರಕ್ಕೆ 15 ಅಲ್ಲ, 18. ಯಾಕೆಂದರೆ ಆರನೆಯ ವಾರದ್ದನ್ನು ಬರೆಯುವಾಗ ಮೊದಲನೆಯ ವಾರದ್ದು ಇನ್ನೂ ಕೈಯಲ್ಲಿರಬೇಕು. ಹೊಸದು ಬರೆದು ಮುಗಿಯುವವರೆಗೆ ಹಳೆಯದನ್ನು ಮುಟ್ಟಬಾರದು, ಮಧ್ಯದಲ್ಲಿ ಜಾಬ್, ಅಂದರೆ ಆ ಬ್ಯಾಕಪ್ ಕೆಲಸ, ಬಿದ್ದುಹೋದರೆ ಎರಡೂ ಇಲ್ಲದಂತಾಗುತ್ತದೆ. ತಿಂಗಳದ್ದಕ್ಕೂ ಹಾಗೇ, 12 ತಿಂಗಳಿಗೆ 13 ಸೆಟ್, ಅಂದರೆ 26. ವರ್ಷದ್ದು 10 ಸೆಟ್, 20. ಒಟ್ಟು 64.

ಇದಕ್ಕೆ ಎರಡನೆಯ ಪ್ರತಿ ಸೇರಿಸಿ. ವರ್ಷಗಟ್ಟಲೆ ಇಡುವ ಯಾವುದನ್ನೂ ಒಂದೇ ಟೇಪಿನ ಮೇಲೆ ಬಿಡಬೇಡಿ. ಎರಡನೆಯ ಪ್ರತಿ ಬೇರೆ ಕಟ್ಟಡದಲ್ಲಿ ಇರಲಿ. ತಿಂಗಳದ್ದು ಮತ್ತು ವರ್ಷದ್ದು ಸೇರಿ ಇನ್ನೂ 46. ಎಲ್ಲಾ ಸೇರಿ 110 ಆಗುತ್ತದೆ. ಆದರೆ ಇವತ್ತೇ 110 ತರಿಸಬೇಡಿ. ವರ್ಷದ ಟೇಪು ಎರಡು ಪ್ರತಿಗೆ ವರ್ಷಕ್ಕೆ 4 ಮಾತ್ರ ಬೇಕು. ಮೊದಲ ವರ್ಷಕ್ಕೆ 18, 52 ಮತ್ತು 4, ಅಂದರೆ 74 ಸಾಕು, ಅದರಲ್ಲೂ ತಿಂಗಳದ್ದನ್ನು ಕಂತಿನಲ್ಲಿ ತರಿಸಬಹುದು.

ಡೇಟಾ ಬೆಳೆಯುತ್ತದೆ ಅನ್ನುವುದು ನೆನಪಿರಲಿ. ವರ್ಷಕ್ಕೆ 20 ಶೇಕಡಾ ಬೆಳೆದರೆ ಮುಂದಿನ ವರ್ಷ 24 ಟಿಬಿ, ಎರಡು ಟೇಪ್ ಅಂಚಿನವರೆಗೆ ತುಂಬಿ ನಿಲ್ಲುತ್ತವೆ. ಅದರ ಮುಂದಿನ ವರ್ಷ 28.8 ಟಿಬಿ. ಅಲ್ಲಿಗೆ ಪ್ರತಿ ಫುಲ್‌ಗೆ ಮೂರು ಟೇಪ್, ಇಡೀ ಲೆಕ್ಕ ಒಂದೂವರೆ ಪಟ್ಟಿನ ಹತ್ತಿರ ಹೋಗುತ್ತದೆ.

ಸ್ಲಾಟ್ ವಿಷಯ: 24ರಲ್ಲಿ ಒಂದು ಕ್ಲೀನಿಂಗ್ ಕಾರ್ಟ್ರಿಜ್‌ಗೆ ಹೋಯಿತು. ವಾರದ 18, ಈ ತಿಂಗಳಿನ 2. ಉಳಿದದ್ದು ಮೂರು ಸ್ಲಾಟ್, ಅದರಲ್ಲಿ ಖಾಲಿ ಟೇಪ್ ಇಟ್ಟುಕೊಳ್ಳಿ. ತಿಂಗಳ ಮತ್ತು ವರ್ಷದ ಟೇಪುಗಳಿಗೆ ಲೈಬ್ರರಿಯಲ್ಲಿ ಜಾಗ ಇಲ್ಲ, ಇರಲೂಬಾರದು. ಬರೆದ ಮರುದಿನ ಹೊರಗೆ ಬಂದುಬಿಡಬೇಕು. ಹೊರಗೆ ಕಪಾಟಿನಲ್ಲಿ ಕೂತ ಟೇಪನ್ನು ಯಾವ ವೈರಸ್ಸೂ ಲಾಕ್ ಮಾಡಲಾರದು, ಟೇಪಿನ ದೊಡ್ಡ ಬಲ ಅದೇ ಅಲ್ವಾ.

ಇನ್ನು ಸಮಯ. ಎಲ್‌ಟಿಒ-8 ಡ್ರೈವ್ ಸೆಕೆಂಡಿಗೆ 360 ಎಂಬಿ ಬರೆಯಬಲ್ಲದು. 20 ಟಿಬಿಗೆ ಹದಿನೈದೂವರೆ ಗಂಟೆ. ಆದರೆ ನಿಮ್ಮ ಸರ್ವರ್ ಅಷ್ಟು ವೇಗದಲ್ಲಿ ಡೇಟಾ ಕೊಡಬೇಕಲ್ಲ? ಸೆಕೆಂಡಿಗೆ 100 ಎಂಬಿ ಮಾತ್ರ ಬಂದರೆ ಅದೇ ಕೆಲಸ 55 ಗಂಟೆ ದಾಟುತ್ತದೆ. ಸಾಲದ್ದಕ್ಕೆ ಡೇಟಾ ನಿಧಾನವಾಗಿ ಬಂದರೆ ಡ್ರೈವ್ ತನ್ನ ವೇಗವನ್ನು ಒಂದು ಮಟ್ಟದವರೆಗೆ ಇಳಿಸಿಕೊಂಡು, ಅದಕ್ಕೂ ಕೆಳಗೆ ಹೋದರೆ ನಿಂತು, ಹಿಂದಕ್ಕೆ ಸುತ್ತಿ, ಮತ್ತೆ ಮುಂದೆ ಓಡುತ್ತದೆ. ಬೂಟು ಪಾಲಿಶ್ ಮಾಡಿದ ಹಾಗೆ ಟೇಪು ಡ್ರೈವಿನ ಓದುವ-ಬರೆಯುವ ಹೆಡ್ಡಿನ ಮೇಲೆ ಹಿಂದೆ ಮುಂದೆ ಉಜ್ಜುತ್ತದೆ. ಟೇಪೂ ಸವೆಯುತ್ತದೆ, ಹೆಡ್ಡೂ ಸವೆಯುತ್ತದೆ. ಮೊದಲು ಡಿಸ್ಕಿಗೆ ಬರೆದು ಅಲ್ಲಿಂದ ಒಂದೇ ಓಟದಲ್ಲಿ ಟೇಪಿಗೆ ಹಾಕಿದರೆ ಈ ಕಾಟ ಇಲ್ಲ. ನಿಮಗೆ ಇರುವುದು ಒಂದೇ ಡ್ರೈವ್, ಟೇಪಿಂದ ಟೇಪಿಗೆ ನೇರ ಕಾಪಿ ಆಗುವುದಿಲ್ಲ. ಎರಡನೆಯ ಪ್ರತಿ ತೆಗೆಯಲೂ ಆ ಡಿಸ್ಕ್ ಬೇಕೇ ಬೇಕು.

ಪ್ರಶ್ನೆ: ಟೇಪಿಗೆ 30 ದಿನ ರೀಟೆನ್ಷನ್ (ಡೇಟಾ ಅಳಿಸದೆ ಇಡುವ ಅವಧಿ) ಕೊಟ್ಟಿದ್ದೇನೆ. ಮೂರು ತಿಂಗಳಾದರೂ ಒಂದೂ ಟೇಪ್ ಖಾಲಿ ಆಗಿಲ್ಲ, ದಿನಾ ಹೊಸ ಟೇಪ್ ಕೇಳುತ್ತದೆ. ನಮ್ಮ ಇನ್ನೊಂದು ಕಚೇರಿಯಲ್ಲಿ ಇದಕ್ಕೆ ಉಲ್ಟಾ, ಬೇಕಾದ ಫುಲ್ ಬ್ಯಾಕಪ್ಪೇ ಅಳಿಸಿಹೋಗಿದೆ. ಏನು ತಪ್ಪು?

ಉತ್ತರ: ಎರಡಕ್ಕೂ ಮೂಲ ಒಂದೇ. ಡಿಸ್ಕಿನಲ್ಲಿ ಹಳೆಯ ಫೈಲ್ ಒಂದನ್ನೇ ಅಳಿಸಿ ಜಾಗ ಮಾಡಿಕೊಳ್ಳಬಹುದು. ಟೇಪಿನಲ್ಲಿ ಆಗುವುದಿಲ್ಲ. ಟೇಪ್ ಬದುಕಿದರೆ ಇಡೀ ಟೇಪ್, ಸತ್ತರೆ ಇಡೀ ಟೇಪ್. ಮಧ್ಯದ ತುಂಡನ್ನು ಮಾತ್ರ ಖಾಲಿ ಮಾಡಿ ಮತ್ತೆ ಬರೆಯುವ ದಾರಿ ಇಲ್ಲ.

ಈಗ ನಿಮ್ಮ ಟೇಪ್ ನೋಡಿ. 12 ಟಿಬಿ ಟೇಪಿಗೆ ದಿನಕ್ಕೆ ಸ್ವಲ್ಪ ಸ್ವಲ್ಪ ಬರೆಯುತ್ತಾ ಹೋಗುತ್ತೀರಿ. ಬಾಕ್ಯುಲಾ ತರಹದ ಸಾಫ್ಟ್‌ವೇರಿನಲ್ಲಿ ಟೇಪಿನ ರೀಟೆನ್ಷನ್ ಶುರುವಾಗುವುದು ಕೊನೆಯ ಸಲ ಬರೆದ ದಿನದಿಂದ. ಇವತ್ತು ಒಂದು ಚಿಕ್ಕ ಜಾಬ್ ಸೇರಿಸಿದರೆ 30 ದಿನ ಇವತ್ತಿನಿಂದ ಮತ್ತೆ ಎಣಿಕೆ. ಟೇಪ್ ತುಂಬಲು ಮೂರು ತಿಂಗಳು ಹಿಡಿದರೆ, ಅದು ಖಾಲಿ ಆಗುವುದು ನಾಲ್ಕನೆಯ ತಿಂಗಳಲ್ಲಿ. ಅದಕ್ಕೇ ಒಂದು ಟೇಪಿಗೆ ಎಷ್ಟು ದಿನ ಬರೆಯಬಹುದು ಅಂತ ಮಿತಿ ಹಾಕಿ. ವಾರ ಮುಗಿದ ತಕ್ಷಣ, ಅರ್ಧ ಖಾಲಿ ಇದ್ದರೂ ಸರಿ, ಆ ಟೇಪ್ ಮುಚ್ಚಿಬಿಡಿ. ಜಾಗ ಹಾಳಾಗುತ್ತದೆ ಅಂತ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಯಾವ ಟೇಪ್ ಯಾವತ್ತು ವಾಪಸ್ ಬರುತ್ತದೆ ಅನ್ನುವುದು ಗೊತ್ತಿರುತ್ತದೆ. ಹಾಗೇ ಬೇರೆ ಬೇರೆ ಅವಧಿಯ ಡೇಟಾಗೆ ಬೇರೆ ಬೇರೆ ಪೂಲ್, ಅಂದರೆ ಟೇಪುಗಳ ಗುಂಪು, ಮಾಡಿ. ಐದು ವಾರದ ಡೇಟಾ ಇರುವ ಟೇಪಿನಲ್ಲಿ ಹತ್ತು ವರ್ಷದ ಒಂದು ಚಿಕ್ಕ ಫೋಲ್ಡರ್ ಸೇರಿದರೂ ಆ ಟೇಪ್ ಹತ್ತು ವರ್ಷ ಕೂರುತ್ತದೆ.

ನಿಮ್ಮ ಇನ್ನೊಂದು ಕಚೇರಿಯ ಕಥೆ ಹೀಗಿರಬಹುದು. ಒಂದನೇ ತಾರೀಖು ಫುಲ್, ಉಳಿದ ದಿನ ಇನ್‌ಕ್ರಿಮೆಂಟಲ್, ಎಲ್ಲಕ್ಕೂ 30 ದಿನ. ಕೇಳಲು ಸರಿಯಾಗೇ ಇದೆ. ಆದರೆ 29ನೇ ತಾರೀಖಿನ ಇನ್‌ಕ್ರಿಮೆಂಟಲ್ ಬದುಕಿರುವಾಗಲೇ ಅದರ ಫುಲ್ ಅವಧಿ ಮುಗಿದು ಹೋಗುತ್ತದೆ. ಬುಡ ಇಲ್ಲದ ಇನ್‌ಕ್ರಿಮೆಂಟಲ್ ಇಟ್ಟುಕೊಂಡು ಏನು ಮಾಡುವುದು? 30 ದಿನ ಹಿಂದಕ್ಕೆ ಹೋಗಬೇಕು ಅಂದರೆ, ಫುಲ್‌ನ ಅವಧಿ 30 ದಿನ ಮತ್ತು ಎರಡು ಫುಲ್‌ಗಳ ನಡುವಿನ ಅಂತರ, ಎರಡೂ ಸೇರಿ ಇರಬೇಕು. ಇಲ್ಲಿ 60ಕ್ಕಿಂತ ಕಡಿಮೆ ಕೊಡಬಾರದು. ತಿಂಗಳಿಗೆ 31 ದಿನವೂ ಇರುತ್ತದೆ, ಒಂದೆರಡು ಸಲ ಜಾಬ್ ತಪ್ಪಲೂಬಹುದು. ಹಾಗಾಗಿ 70 ಕೊಡಿ ಅಂತ ನಾನು ಹೇಳುತ್ತೇನೆ.

ಅಳಿಸಿಹೋಗುವ ಭಯ ಸುಮ್ನೆ ಹೇಳುತ್ತಿಲ್ಲ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ವರ್ಷಾಂತ್ಯದ ಒಂದು ಟೇಪನ್ನು ಹೊರಗೆ ತೆಗೆಯದೆ ಲೈಬ್ರರಿಯಲ್ಲೇ ಬಿಟ್ಟಿದ್ದೆವು. ಹತ್ತು ವರ್ಷ ಅಂತ ಲೇಬಲ್ ಮೇಲೆ ಬರೆದಿತ್ತು, ಸಾಫ್ಟ್‌ವೇರಿನಲ್ಲಿ ಮಾತ್ರ ಮೊದಲಿಂದ ಇದ್ದ ಒಂದು ವರ್ಷವನ್ನು ಯಾರೂ ಬದಲಿಸಿರಲಿಲ್ಲ. ಒಂದು ಶನಿವಾರ ರಾತ್ರಿ ಖಾಲಿ ಟೇಪ್ ಸಿಗದ ಜಾಬ್ ಅದನ್ನೇ ಎತ್ತಿಕೊಂಡು ಬರೆದುಬಿಟ್ಟಿತು. ಆ ವರ್ಷದ ಡೇಟಾ ಮತ್ತೆ ಸಿಗಲಿಲ್ಲ. ಇವತ್ತಿಗೂ ನೆನೆಸಿಕೊಂಡರೆ ಬೇಜಾರಾಗುತ್ತದೆ. ಮನುಷ್ಯ ಚಂದ್ರನ ಮೇಲೆ ಮೊದಲು ಕಾಲಿಟ್ಟ 1969ರ ಅಪೊಲೊ 11ರ ಮೂಲ ಟೆಲಿಮೆಟ್ರಿ ಟೇಪುಗಳ (ಚಂದ್ರನಿಂದ ಬಂದ ಸಂಕೇತವನ್ನು ನೇರವಾಗಿ ಹಿಡಿದಿಟ್ಟವು) ಗತಿಯೂ ಬಹುಶಃ ಇದೇ. ಬಹಳ ವರ್ಷ ಹುಡುಕಿದ ಮೇಲೆ 2009ರಲ್ಲಿ ನಾಸಾ ಬಂದ ತೀರ್ಮಾನ ಏನೆಂದರೆ, ಅವುಗಳನ್ನು ಅಳಿಸಿ ಮತ್ತೆ ಬಳಸಿರಬೇಕು. ಜನ ಟಿವಿಯಲ್ಲಿ ನೋಡಿದ ದೃಶ್ಯದ ರೆಕಾರ್ಡಿಂಗ್ ಉಳಿದಿದೆ, ಅದಕ್ಕಿಂತ ಸ್ಪಷ್ಟವಾಗಿದ್ದ ಮೂಲ ಹೋಯಿತು. ಆದ್ದರಿಂದ ದೀರ್ಘಕಾಲದ ಟೇಪ್ ಡ್ರೈವಿನಿಂದ ಹೊರಗೆ ಬಂದ ಕೂಡಲೇ ಕಾರ್ಟ್ರಿಜ್‌ನಲ್ಲಿರುವ ಬರೆಯದಂತೆ ತಡೆಯುವ ಚಿಕ್ಕ ಸ್ವಿಚ್ ಸರಿಸಿ. ಅಳಿಸಲೇಬಾರದ ದಾಖಲೆಗೆ ವರ್ಮ್ ಟೇಪ್ ತೆಗೆದುಕೊಳ್ಳಿ, ಎಲ್‌ಟಿಒ-3ರಿಂದ ಈ ಸೌಲಭ್ಯ ಇದೆ. ಒಂದು ಸಲ ಬರೆದರೆ ಅದರ ಮೇಲೆ ಮತ್ತೆ ಬರೆಯಲು ಡ್ರೈವ್ ಒಪ್ಪುವುದೇ ಇಲ್ಲ.

ಪ್ರಶ್ನೆ: ನಮ್ಮ ಹತ್ತಿರ 2012ರ ಎಲ್‌ಟಿಒ-5 ಟೇಪುಗಳಿವೆ. ಹೊಸ ಎಲ್‌ಟಿಒ-8 ಡ್ರೈವ್ ಹಾಕಿಸಿದೆವು, ಅವನ್ನು ಓದುತ್ತಿಲ್ಲ. ಟೇಪ್ ಹಾಳಾಗಿದೆಯಾ?

ಉತ್ತರ: ಟೇಪ್ ಚೆನ್ನಾಗೇ ಇರಬಹುದು. ಡ್ರೈವಿಗೆ ಅದು ಓದಲು ಬರುವುದಿಲ್ಲ ಅಷ್ಟೇ. ಎಲ್‌ಟಿಒ-7ರವರೆಗೆ ಒಂದು ಒಳ್ಳೆಯ ರೂಢಿ ಇತ್ತು, ಹಿಂದಿನ ಎರಡು ತಲೆಮಾರಿನ ಟೇಪ್ ಓದುವುದು, ಹಿಂದಿನ ಒಂದಕ್ಕೆ ಬರೆಯುವುದು. ಎಲ್‌ಟಿಒ-8ರಲ್ಲಿ ಹೆಡ್ಡಿನ ತಂತ್ರಜ್ಞಾನ ಬದಲಾಯಿತು, ಅದು 7 ಮತ್ತು 8 ಮಾತ್ರ ಓದುತ್ತದೆ. ಎಲ್‌ಟಿಒ-9 ಓದುವುದು 8 ಮತ್ತು 9. 2025ರಲ್ಲಿ ಬಂದ ಎಲ್‌ಟಿಒ-10 ತನ್ನ ಟೇಪ್ ಬಿಟ್ಟು ಹಳೆಯದು ಯಾವುದನ್ನೂ ಓದುವುದಿಲ್ಲ. ಹಾಗಾಗಿ "ಹೊಸ ಡ್ರೈವ್ ಹಳೆಯದನ್ನು ಓದೇ ಓದುತ್ತದೆ" ಅನ್ನುವ ನಂಬಿಕೆಯನ್ನು ಇವತ್ತೇ ಬಿಡಿ.

ನಿಮಗೆ ಬೇಕಾಗಿರುವುದು ಎಲ್‌ಟಿಒ-5, 6 ಅಥವಾ 7 ಡ್ರೈವ್. ಎಲ್‌ಟಿಒ-7 ಆದರೆ ಒಳ್ಳೆಯದು. ಸಿಕ್ಕಿದ ತಕ್ಷಣ ಎಲ್ಲಾ ಟೇಪನ್ನೂ ಓದಿ, ಹೊಸ ಟೇಪಿಗೆ ವರ್ಗಾಯಿಸಿ. ಮುಂದೆ ಹೀಗಾಗದಿರಲು ಹತ್ತು ವರ್ಷದ ಯೋಜನೆಯ ಒಳಗೇ ಒಂದು ವರ್ಗಾವಣೆಗೆ ದಿನ ಗೊತ್ತು ಮಾಡಿಕೊಳ್ಳಿ. ಐದಾರು ವರ್ಷಕ್ಕೆ ಒಂದು ಸಲ ಸಾಕು. ಆ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕಿ: ತುಂಬಿದ ಎಲ್‌ಟಿಒ-8 ಟೇಪ್ ಒಂದನ್ನು ಪೂರ್ತಿ ಓದಲು ಒಂಬತ್ತು ಗಂಟೆಗೂ ಜಾಸ್ತಿ. ನೂರು ಟೇಪ್ ಇದ್ದರೆ ಒಂದು ಡ್ರೈವಿಗೆ ಹಗಲು ರಾತ್ರಿ ಬಿಡುವಿಲ್ಲದೆ ಸುಮಾರು 39 ದಿನದ ಕೆಲಸ, ಅದೂ ದಿನದ ಬ್ಯಾಕಪ್‌ಗೆ ಡ್ರೈವ್ ಬಿಟ್ಟುಕೊಡದೆ. ಹಳೆಯ ಡ್ರೈವ್ ಕೆಟ್ಟಮೇಲೆ ಇದನ್ನು ಶುರು ಮಾಡಿದರೆ ತಡವಾಗಿರುತ್ತದೆ. ಹೊಸ ಡ್ರೈವ್ ಬಂದಮೇಲೂ ಹಳೆಯದನ್ನು ವರ್ಗಾವಣೆ ಮುಗಿಯುವವರೆಗೆ ಕೊಟ್ಟುಬಿಡಬೇಡಿ.

ಪ್ರಶ್ನೆ: ಕಾರ್ಟ್ರಿಜ್ ಮೇಲೆ 30 ಟಿಬಿ ಅಂತ ಇದೆ, 12ಕ್ಕೇ ತುಂಬಿಹೋಗುತ್ತದೆ. ಮೋಸವಾ?

ಉತ್ತರ: ಮೋಸ ಅಲ್ಲ. ಡೇಟಾ ಎರಡೂವರೆ ಪಟ್ಟು ಕುಗ್ಗುತ್ತದೆ ಅಂದುಕೊಂಡು ಹಾಕಿದ ಸಂಖ್ಯೆ ಅದು. ವಿಡಿಯೊ, ಜೆಪೆಗ್ ಫೋಟೊ, ಜಿಪ್ ಫೈಲ್ ಎಲ್ಲಾ ಮೊದಲೇ ಕುಗ್ಗಿರುತ್ತವೆ, ಮತ್ತೆ ಕುಗ್ಗುವುದಿಲ್ಲ. ಸಾಫ್ಟ್‌ವೇರಿನಲ್ಲಿ ಎನ್‌ಕ್ರಿಪ್ಟ್ ಮಾಡಿ ಆಮೇಲೆ ಟೇಪಿಗೆ ಕಳಿಸಿದರೂ ಅಷ್ಟೇ. ಎನ್‌ಕ್ರಿಪ್ಷನ್ ಡ್ರೈವಿನಲ್ಲೇ ಆಗಲಿ, ಎಲ್‌ಟಿಒ-4ರಿಂದ ಅದಕ್ಕೆ ಅವಕಾಶ ಇದೆ, ಅಲ್ಲಿ ಮೊದಲು ಕುಗ್ಗಿಸಿ ಆಮೇಲೆ ಬೀಗ ಹಾಕುತ್ತದೆ.

ಪ್ರಶ್ನೆ: ಮೂರು ವರ್ಷ ಹಿಂದಿನ ಟೇಪ್ ಕೈಯಲ್ಲೇ ಇದೆ. ಆದರೆ ಬ್ಯಾಕಪ್ ಸಾಫ್ಟ್‌ವೇರಿನಲ್ಲಿ ಹುಡುಕಿದರೆ ಫೈಲೇ ಕಾಣುವುದಿಲ್ಲ. ಯಾಕೆ?

ಉತ್ತರ: ಟೇಪಿಗೆ ಒಂದು ಆಯಸ್ಸು, ಕ್ಯಾಟಲಾಗಿಗೆ ಇನ್ನೊಂದು. ಯಾವ ಫೈಲ್ ಯಾವ ಟೇಪಿನಲ್ಲಿ ಎಲ್ಲಿದೆ ಅನ್ನುವ ಪಟ್ಟಿ ಡೇಟಾಬೇಸಿನಲ್ಲಿ ಇರುತ್ತದೆ, ಅದನ್ನೂ ಸಾಫ್ಟ್‌ವೇರ್ ಕಾಲಕಾಲಕ್ಕೆ ಸ್ವಚ್ಛ ಮಾಡುತ್ತದೆ. ಬಾಕ್ಯುಲಾದಲ್ಲಿ ನೀವು ಏನೂ ಹೇಳದಿದ್ದರೆ ಫೈಲಿನ ಪಟ್ಟಿ 60 ದಿನ, ಜಾಬಿನ ವಿವರ 180 ದಿನ, ಟೇಪ್ 365 ದಿನ. ಎರಡು ತಿಂಗಳಾದ ಮೇಲೆ ಟೇಪ್ ಇರುತ್ತದೆ, ಫೈಲ್ ಹೆಸರು ಮಾತ್ರ ಹುಡುಕಿದರೆ ಸಿಗುವುದಿಲ್ಲ. ಗಾಬರಿ ಬೇಡ, ಟೇಪನ್ನು ಮತ್ತೆ ಓದಿಸಿ ಪಟ್ಟಿ ಕಟ್ಟಬಹುದು. ಬಾಕ್ಯುಲಾದಲ್ಲಿ ಅದಕ್ಕೆ ಬಿಸ್ಕ್ಯಾನ್ ಅನ್ನುವ ಕಮ್ಯಾಂಡ್ ಇದೆ, ಬೇರೆ ಸಾಫ್ಟ್‌ವೇರುಗಳಲ್ಲಿ ಇಂಪೋರ್ಟ್ ಅನ್ನುತ್ತಾರೆ. ಆದರೆ ಟೇಪ್ ಉದ್ದಕ್ಕೂ ಓದಬೇಕು, ಗಂಟೆಗಟ್ಟಲೆ ಹಿಡಿಯುತ್ತದೆ.

ವರ್ಷದ ಬ್ಯಾಕಪ್‌ಗೆ ನಾನು ಮೂರು ಕೆಲಸ ಮಾಡುತ್ತೇನೆ. ಆ ದಿನದ ಕ್ಯಾಟಲಾಗನ್ನು ಅದೇ ಸೆಟ್ಟಿನ ಕೊನೆಗೆ ಬರೆಯುತ್ತೇನೆ. ಫೈಲಿನ ಪಟ್ಟಿಯನ್ನು ಮಾಮೂಲಿ ಟೆಕ್ಸ್ಟ್ ಫೈಲ್ ಮಾಡಿ, ಟೇಪಿನ ಬಾರ್‌ಕೋಡ್ ಸಂಖ್ಯೆ ಮೇಲೆ ಹಾಕಿ, ಬೇರೆ ಕಡೆ ಇಡುತ್ತೇನೆ. ಜೊತೆಗೆ ಯಾವ ಸಾಫ್ಟ್‌ವೇರ್, ಯಾವ ಆವೃತ್ತಿ, ಯಾವ ಡ್ರೈವ್ ಅಂತ ಒಂದು ಹಾಳೆಯಲ್ಲಿ ಬರೆದು ಟೇಪಿನ ಪೆಟ್ಟಿಗೆಯಲ್ಲಿ ಹಾಕುತ್ತೇನೆ. ಹತ್ತು ವರ್ಷದಲ್ಲಿ ಸಾಫ್ಟ್‌ವೇರ್ ಬದಲಾಗುತ್ತದೆ, ಜನವೂ ಬದಲಾಗುತ್ತಾರೆ. ಆ ಕಾರಣಕ್ಕೇ ಆರ್ಕೈವ್ ಟೇಪಿಗೆ ಎಲ್‌ಟಿಎಫ್‌ಎಸ್, ಅಂದರೆ ಟೇಪಿನ ಮೇಲೆ ಫೈಲುಗಳನ್ನು ಜೋಡಿಸಿಡುವ ಒಂದು ವಿಧಾನ, ನನಗೆ ಇಷ್ಟ. ಎಲ್‌ಟಿಒ-5ರಿಂದ ಇದೆ, ಐಎಸ್ಒ ಮಾನದಂಡವೂ ಆಗಿದೆ. ಪಟ್ಟಿ ಟೇಪಿನ ಒಳಗೇ ಇರುತ್ತದೆ, ಬ್ಯಾಕಪ್ ಸಾಫ್ಟ್‌ವೇರಿನ ಹಂಗಿಲ್ಲದೆ ಫೋಲ್ಡರ್ ತರಹ ತೆರೆದುಕೊಳ್ಳುತ್ತದೆ.

ಎನ್‌ಕ್ರಿಪ್ಷನ್ ಕೀ ಬಗ್ಗೆ ಇಬ್ಬರು ಕೇಳಿದ್ದಾರೆ, ಇಲ್ಲೇ ಹೇಳಿಬಿಡುತ್ತೇನೆ. ಟೇಪ್ ಎಷ್ಟು ವರ್ಷವೋ ಕೀ ಕೂಡ ಅಷ್ಟು ವರ್ಷ. ಕೀ ಹೋದರೆ ಟೇಪ್ ಇದ್ದೂ ಇಲ್ಲ, ಯಾರ ಕೈಯಲ್ಲೂ ಬಿಚ್ಚಲು ಆಗುವುದಿಲ್ಲ. ಬ್ಯಾಕಪ್ ಸರ್ವರಿನಲ್ಲಿ ಮಾತ್ರ ಕೀ ಇಟ್ಟು, ಆ ಸರ್ವರಿನ ಬ್ಯಾಕಪ್ಪನ್ನು ಅದೇ ಕೀ ಹಾಕಿ ಟೇಪಿಗೆ ಬರೆದವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಪ್ರಶ್ನೆ: ಟೇಪ್ 30 ವರ್ಷ ಬಾಳುತ್ತದೆ ಅನ್ನುತ್ತಾರೆ. ಹಾಗಿದ್ದರೆ ಕಪಾಟಿನಲ್ಲಿಟ್ಟು ಮರೆತುಬಿಡಬಹುದಾ?

ಉತ್ತರ: ಮರೆಯಬೇಡಿ. 30 ವರ್ಷ ಅನ್ನುವುದು ತಯಾರಕರು ಹೇಳುವ ಹಾಗೆ ಇಟ್ಟರೆ ಮಾತ್ರ. ಉಷ್ಣತೆ 16ರಿಂದ 25 ಡಿಗ್ರಿ, ತೇವಾಂಶ 20ರಿಂದ 50 ಶೇಕಡಾ. ಪೆಟ್ಟಿಗೆಯೊಳಗೆ, ನೆಟ್ಟಗೆ ನಿಲ್ಲಿಸಿ, ಧೂಳಿಲ್ಲದ ಕಡೆ. ತಣ್ಣನೆಯ ಕೋಣೆಯಿಂದ ತಂದ ಟೇಪನ್ನು ತಕ್ಷಣ ಡ್ರೈವಿಗೆ ಹಾಕದೆ ಒಂದು ದಿನ ಆ ಕೋಣೆಯ ಗಾಳಿಗೆ ಹೊಂದಿಕೊಳ್ಳಲು ಬಿಡಿ. ಕೈಜಾರಿ ಬಿದ್ದ ಟೇಪನ್ನು ಹಾಗೇ ಹಾಕಬೇಡಿ, ಮೊದಲು ಬಾಗಿಲು ಸರಿಸಿ ಒಳಗೆ ಟೇಪಿನ ತುದಿಯಲ್ಲಿರುವ ಲೀಡರ್ ಪಿನ್ ಜಾಗದಲ್ಲಿದೆಯಾ ನೋಡಿ. ಅದು ಕಳಚಿದ್ದರೆ ಡ್ರೈವೂ ಹಾಳಾಗಬಹುದು.

ಇಷ್ಟೆಲ್ಲಾ ಮಾಡಿಯೂ ವರ್ಷಕ್ಕೆ ಎರಡು ಸಲವಾದರೂ ಹಳೆಯ ಟೇಪೊಂದನ್ನು ತೆಗೆದು ರಿಸ್ಟೋರ್ ಮಾಡಿ ನೋಡಿ. ಡ್ರೈವ್ ಬರೆಯುತ್ತಲೇ ಬರೆದದ್ದನ್ನು ಓದಿ ಪರೀಕ್ಷಿಸುತ್ತದೆ, ಅದು ಸರಿ. ಆದರೆ ಬರೆಯಲು ಕೊಟ್ಟ ಫೈಲೇ ತಪ್ಪಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಡೇಟಾಬೇಸ್ ಆಗಿದ್ದರೆ ರಿಸ್ಟೋರ್ ಮಾಡಿ, ಶುರು ಮಾಡಿ, ಒಂದು ವರದಿ ತೆಗೆದು ನೋಡುವವರೆಗೆ ಕೆಲಸ ಮುಗಿದಿಲ್ಲ. ಆ ಕೆಲಸವನ್ನು ಬ್ಯಾಕಪ್ ಮಾಡಿದವರ ಬದಲು ಬೇರೆಯವರ ಕೈಯಲ್ಲಿ, ಬರೆದಿಟ್ಟ ಹಾಳೆ ಮಾತ್ರ ಕೊಟ್ಟು ಮಾಡಿಸಿದರೆ ಎಲ್ಲಿ ತೊಡಕಿದೆ ಅಂತ ಮೊದಲ ಗಂಟೆಯಲ್ಲೇ ಕಾಣುತ್ತದೆ. 2011ರ ಫೆಬ್ರವರಿಯಲ್ಲಿ ಒಂದು ಸಾಫ್ಟ್‌ವೇರ್ ದೋಷದಿಂದ ಜಿಮೇಲ್‌ನ ಸುಮಾರು 0.02 ಶೇಕಡಾ ಬಳಕೆದಾರರ ಅಂಚೆ ಕಾಣೆಯಾದಾಗ, ಡಿಸ್ಕಿನ ಪ್ರತಿಗಳಿಗೂ ಪೆಟ್ಟು ಬಿದ್ದಿತ್ತು. ಗೂಗಲ್ ಅದನ್ನು ಟೇಪಿನಿಂದ ವಾಪಸ್ ತಂದಿತು.

ಪ್ರಶ್ನೆ: ಅವಧಿ ಮುಗಿದ ಟೇಪನ್ನು ಹೊರಗೆ ಕೊಟ್ಟುಬಿಡಬಹುದಾ? ಸಾಫ್ಟ್‌ವೇರಿನಲ್ಲಿ ಖಾಲಿ ಅಂತ ತೋರಿಸುತ್ತಿದೆ.

ಉತ್ತರ: ಬೇಡ. ಖಾಲಿ ಅಂದರೆ ಮತ್ತೆ ಬರೆಯಬಹುದು ಅಂತ ಅರ್ಥ, ಡೇಟಾ ಇನ್ನೂ ಒಳಗೇ ಇದೆ. ಡ್ರೈವಿನಲ್ಲಿ ಪೂರ್ತಿ ಅಳಿಸಿ, ಇಲ್ಲ ಡೀಗಾಸ್ ಮಾಡಿಸಿ, ಅಂದರೆ ಬಲವಾದ ಅಯಸ್ಕಾಂತದಿಂದ ಅಳಿಸಿ. ಡೀಗಾಸ್ ಮಾಡಿದ ಎಲ್‌ಟಿಒ ಟೇಪ್ ಮತ್ತೆ ಬಳಕೆಗೆ ಬರುವುದಿಲ್ಲ, ಹೆಡ್ಡಿಗೆ ದಾರಿ ತೋರಿಸಲು ಕಾರ್ಖಾನೆಯಲ್ಲಿ ಬರೆದ ಸರ್ವೊ ಗುರುತೂ ಅದರ ಜೊತೆ ಅಳಿದುಹೋಗುತ್ತದೆ. ಎನ್‌ಕ್ರಿಪ್ಟ್ ಮಾಡಿದ ಟೇಪ್ ಆದರೆ ಆ ಸೆಟ್ಟಿನ ಕೀ ನಾಶ ಮಾಡಿದರೂ ಆಯಿತು, ಅದಕ್ಕೆ ಪ್ರತಿ ವರ್ಷದ ಸೆಟ್ಟಿಗೂ ಬೇರೆ ಕೀ ಇಟ್ಟಿರಬೇಕು. ಯಾವ ಬಾರ್‌ಕೋಡ್, ಯಾವ ದಿನ, ಯಾರ ಒಪ್ಪಿಗೆ ಅಂತ ರಿಜಿಸ್ಟರಿನಲ್ಲಿ ಒಂದು ಸಾಲು ಬರೆದು ಸಹಿ ಹಾಕಿಸಿಕೊಳ್ಳಿ. ತನಿಖೆ ಅಥವಾ ಕೋರ್ಟ್ ವಿಷಯಕ್ಕೆ ತಡೆಹಿಡಿದ ಡೇಟಾ ಆ ಟೇಪಿನಲ್ಲಿ ಇದೆಯಾ ಅಂತ ಸಹಿಗೆ ಮೊದಲು ಕೇಳಿ.